ಕಾವಲುಗಾರ ಟ್ಯೂಷನ್ ಮೇಷ್ಟ್ರಾದ ಬಗೆ

ನಮ್ಮ ಹಾಸನದಲ್ಲಿ ಟ್ಯೂಷನ್ ಅನ್ನುವ ಮಾತು ಬಾರದ ಮನೆ ಸಿಗುವುದು ಕಷ್ಟ. ಸಂಜೆಯಾದರೆ ಸಾಲಗಾಮೆ ರಸ್ತೆ, ವಿದ್ಯಾನಗರ, ಕೆ.ಆರ್. ಪುರಂ ಕಡೆಯ ಒಳರಸ್ತೆಗಳಲ್ಲಿ ಬ್ಯಾಗು ಹೊತ್ತ ಮಕ್ಕಳು, ಸೈಕಲ್ಲುಗಳು, ಮಗಳನ್ನು ಬಿಡಲು ಬಂದ ಅಪ್ಪಂದಿರ ಸ್ಕೂಟರುಗಳು. 'ಮ್ಯಾಥ್ಸ್‌ಗೆ ಯಾರ ಹತ್ರ ಹೋಗ್ತಾಳೆ?' ಅಂತ ಕೇಳಿದರೆ 'ಟ್ಯೂಷನ್ ಮೇಷ್ಟ್ರು' ಅನ್ನುತ್ತಾರೆ, ಇಲ್ಲವೇ 'ಟ್ಯೂಷನ್ ಮಿಸ್' ಅನ್ನುತ್ತಾರೆ. 'ಟ್ಯೂಟರ್' ಅನ್ನುವವರು ಅಪರೂಪ. ಆ ಪದ ಕಾಣುವುದು ಜಾಹೀರಾತಿನಲ್ಲಿ, ಆನ್‌ಲೈನ್ ಪಾಠದ ಆ್ಯಪ್‌ಗಳಲ್ಲಿ, ದಿನಪತ್ರಿಕೆಯೊಳಗೆ ಸಿಕ್ಕಿಸಿ ಬರುವ ಕರಪತ್ರದಲ್ಲಿ.

ಟ್ಯೂಟರ್ ಅಂದರೆ ಯಾರು ಅಂತ ಕೇಳಿದರೆ ಉತ್ತರ ಸುಲಭ. ಒಬ್ಬರಿಗೋ ಇಬ್ಬರಿಗೋ ಪ್ರತ್ಯೇಕವಾಗಿ ಪಾಠ ಹೇಳಿಕೊಡುವವರು. ಶಾಲೆಯ ನಲವತ್ತು ಮಕ್ಕಳ ತರಗತಿಗೆ ಪಾಠ ಮಾಡುವವರು ಟೀಚರ್. ಮನೆಗೆ ಬಂದೋ ಮನೆಗೆ ಕರೆಸಿಕೊಂಡೋ ಒಂದು ಮಗುವಿನ ಪಕ್ಕ ಕೂತು, ಅದಕ್ಕೆ ಎಲ್ಲಿ ತೊಡಕಾಗಿದೆ ಅಂತ ನೋಡಿ ಬಿಡಿಸುವವರು ಟ್ಯೂಟರ್. ಇಷ್ಟೇ ಆಗಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಈ ಪದ ಹುಟ್ಟಿದಾಗ ಅದಕ್ಕೂ ಪಾಠಕ್ಕೂ ಸಂಬಂಧವೇ ಇರಲಿಲ್ಲ. ಅದು ಕೋರ್ಟು ಕಚೇರಿಯ ಪದ. ಆಸ್ತಿ, ಉಯಿಲು, ತಬ್ಬಲಿ ಮಕ್ಕಳು, ಲೆಕ್ಕಪತ್ರ ಇವುಗಳ ನಡುವೆ ಬೆಳೆದದ್ದು.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಟೀಚ್, ಟೀಚರ್, ಟ್ಯೂಟರ್, ಎಲ್ಲವೂ 'ಟ'ಕಾರದಿಂದ ಶುರುವಾಗುವುದರಿಂದ ಒಂದೇ ಬಳ್ಳಿಯವು ಅನ್ನಿಸುತ್ತದೆ. ಅಲ್ಲ. ಟೀಚ್ ಅನ್ನುವುದು ಅಪ್ಪಟ ಹಳೆಯ ಇಂಗ್ಲಿಷ್ ಪದ. ಅದರ ಮೊದಲ ಅರ್ಥ 'ತೋರಿಸು'. ಗುರುತು ಅನ್ನುವ ಅರ್ಥದ 'ಟೋಕನ್' ಅದರ ದಾಯಾದಿ. ಟ್ಯೂಟರ್ ಬಂದಿದ್ದು ಬೇರೆ ಊರಿನಿಂದ, ಲ್ಯಾಟಿನ್ನಿನಿಂದ, ಫ್ರೆಂಚ್ ದಾರಿಯಾಗಿ.

ರೋಮಿನ ತಬ್ಬಲಿ ಮಗು

ಲ್ಯಾಟಿನ್ನಿನಲ್ಲಿ 'ತುಏರಿ' ಅಂತ ಒಂದು ಕ್ರಿಯಾಪದ ಇದೆ. ನೋಡು, ನೋಡಿಕೊಳ್ಳು, ಕಾಯು ಅಂತ ಅರ್ಥ. ಕನ್ನಡದಲ್ಲೂ ನೋಡುವುದರಿಂದ ನೋಡಿಕೊಳ್ಳುವುದಕ್ಕೆ ಹೋಗುವುದು ಎಷ್ಟು ಸಲೀಸು ಅಲ್ವಾ? 'ಮಗೂನ ನೋಡ್ಕೊ' ಅಂದರೆ ಬರೀ ಕಣ್ಣಿಟ್ಟು ನೋಡು ಅಂತ ಯಾರೂ ತಿಳಿಯುವುದಿಲ್ಲ. ಈ 'ತುಏರಿ'ಯಿಂದ ಹುಟ್ಟಿದ್ದು 'ತೂತೋರ್'. ಕಾಯುವವನು, ರಕ್ಷಕ. ಅವನ ಕೆಲಸಕ್ಕೆ 'ತೂತೇಲಾ' ಅಂತ ಹೆಸರು.

ರೋಮನ್ ಕಾನೂನಿನಲ್ಲಿ ಈ ತೂತೋರ್‌ಗೆ ಖಚಿತವಾದ ಸ್ಥಾನ ಇತ್ತು. ಕ್ರಿ.ಪೂ. 450ರ ಸುಮಾರಿಗೆ ಬಂದ ಹನ್ನೆರಡು ಫಲಕಗಳ ಕಾನೂನಿನಲ್ಲೇ ಅವನ ಪ್ರಸ್ತಾಪ ಇದೆ. ಹಿನ್ನೆಲೆ ಹೀಗೆ. ರೋಮಿನ ಮನೆಯಲ್ಲಿ ಯಜಮಾನನದೇ ಪೂರ್ಣ ಅಧಿಕಾರ. ಮಕ್ಕಳ ಹೆಸರಿನಲ್ಲಿ ಆಸ್ತಿಯೇ ಇರುತ್ತಿರಲಿಲ್ಲ. ಯಜಮಾನ ಸತ್ತರೆ ಮಗು ಒಂದೇ ಏಟಿಗೆ ಸ್ವತಂತ್ರ. ಆಸ್ತಿಯೂ ಅದರದೇ. ಆದರೆ ಐದು ವರ್ಷದ ಮಗು ಗದ್ದೆ ಮಾರುವ ಪತ್ರಕ್ಕೆ ಒಪ್ಪಿಗೆ ಕೊಡುವುದು ಹೇಗೆ? ಅದಕ್ಕೇ ತೂತೋರ್ ಬೇಕು. ಅಪ್ಪ ಉಯಿಲಿನಲ್ಲಿ ಹೆಸರು ಬರೆದಿಟ್ಟಿದ್ದರೆ ಅವನು. ಇಲ್ಲದಿದ್ದರೆ ಅಪ್ಪನ ಕಡೆಯ ಹತ್ತಿರದ ದಾಯಾದಿ. ಅವನೂ ಇಲ್ಲದಿದ್ದರೆ ಅಧಿಕಾರಿ ನೇಮಿಸಿದವನು. ಹುಡುಗರಿಗೆ 14 ವರ್ಷ, ಹುಡುಗಿಯರಿಗೆ 12 ವರ್ಷ ತುಂಬುವ ತನಕ ಈ ಕಾವಲು.

ತಾಯಿ ಬದುಕಿದ್ದರೂ ಬಹುಕಾಲ ಅವಳಿಗೆ ಈ ಸ್ಥಾನ ಸಿಗಲಿಲ್ಲ. ಮಗು ತಾಯಿಯ ಜೊತೆ ಬೆಳೆಯಬಹುದು, ಊಟ ಅವಳದೇ, ಆದರೆ ಕಾಗದಪತ್ರದ ಮಾತು ಬಂದಾಗ ತೂತೋರ್ ಬರಬೇಕು. ಮಗುವಿಗೆ ಏಳು ತುಂಬುವ ತನಕ ವ್ಯವಹಾರವನ್ನೆಲ್ಲ ಅವನೇ ಮಾಡುತ್ತಿದ್ದ. ಏಳಾದ ಮೇಲೆ ಮಗುವೇ ಬಾಯಿಬಿಟ್ಟು ಮಾತು ಹೇಳಬೇಕು, ತೂತೋರ್ ಪಕ್ಕದಲ್ಲಿ ನಿಂತು ಹೌದು ಅನ್ನಬೇಕು. ಅವನ ಹೌದು ಇಲ್ಲದೆ ಮಗು ಕೊಟ್ಟ ಮಾತಿನಿಂದ ಅದರ ಆಸ್ತಿಗೆ ಧಕ್ಕೆ ಬರುವಂತಿರಲಿಲ್ಲ. ದೊಡ್ಡ ಹೆಂಗಸರಿಗೂ ತೂತೋರ್ ಇರಬೇಕಿತ್ತು ಅನ್ನುವುದು ಆ ಕಾನೂನಿನ ಇನ್ನೊಂದು ಮುಖ. ಸಾಮ್ರಾಟ ಅಗಸ್ಟಸ್‌ನ ಕಾಲದಲ್ಲಿ ಮೂರು ಮಕ್ಕಳನ್ನು ಹೆತ್ತ ಸ್ವತಂತ್ರ ಹೆಂಗಸರಿಗೆ ಅದರಿಂದ ಬಿಡುಗಡೆ ಸಿಕ್ಕಿತು.

ಹೆಸರು ಕಾವಲುಗಾರ ಅಂತ ಇದ್ದ ಮಾತ್ರಕ್ಕೆ ಅವನನ್ನು ದೇವರಂತೆ ಎಣಿಸಬೇಕಿಲ್ಲ. ದಾಯಾದಿಯ ಕೈಗೆ ತಬ್ಬಲಿಯ ಆಸ್ತಿ ಸಿಕ್ಕರೆ ಏನಾಗುತ್ತದೆ ಅಂತ ನಮ್ಮ ಊರುಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ರೋಮಿನವರಿಗೂ ಗೊತ್ತಿತ್ತು. ಅನುಮಾನ ಬಂದ ತೂತೋರ್‌ನನ್ನು ತೆಗೆದುಹಾಕಿಸುವ ದಾರಿ ಕಾನೂನಿನಲ್ಲೇ ಇತ್ತು. ಕಾವಲಿನ ಅವಧಿ ಮುಗಿದ ಮೇಲೆ ಮಗು ಅವನಿಂದ ಲೆಕ್ಕ ಕೇಳಿ ದಾವೆ ಹೂಡಬಹುದಿತ್ತು. 'ಟ್ಯೂಟರ್ ಅನ್ನುವ ಪದದಲ್ಲೇ ಪ್ರೀತಿ, ಕಾಳಜಿ ತುಂಬಿದೆ' ಅಂತ ಕೆಲವರು ಬರೆಯುತ್ತಾರೆ. ನನಗೆ ಅದು ಸ್ವಲ್ಪ ಜಾಸ್ತಿ ಆಯಿತು ಅನ್ನಿಸುತ್ತದೆ. ಆ ಪದದಲ್ಲಿ ಮೊದಲು ಇದ್ದದ್ದು ಹೊಣೆ. ಪ್ರೀತಿ ಇದ್ದರೂ ಇರಬಹುದು, ಇಲ್ಲದಿದ್ದರೂ ಕಾನೂನಿಗೆ ಚಿಂತೆ ಇರಲಿಲ್ಲ.

ಹಾಗಾದರೆ ರೋಮಿನ ಮಕ್ಕಳಿಗೆ ಪಾಠ ಹೇಳುತ್ತಿದ್ದವರು ಯಾರು? ಅದಕ್ಕೆ ಬೇರೆಯೇ ಜನ. ಅಕ್ಷರ ಕಲಿಸುವವನು ಒಬ್ಬ, ವ್ಯಾಕರಣ ಮತ್ತು ಕಾವ್ಯ ಹೇಳುವವನು ಇನ್ನೊಬ್ಬ, ಭಾಷಣಕಲೆ ಕಲಿಸುವವನು ಮತ್ತೊಬ್ಬ. ಜೊತೆಗೆ 'ಪೆಡಗಾಗ್'. ಇದು ಗ್ರೀಕರಿಂದ ಬಂದ ಪದ, ಅರ್ಥ 'ಹುಡುಗನನ್ನು ಕರೆದೊಯ್ಯುವವನು'. ಅವನು ಸಾಮಾನ್ಯವಾಗಿ ಗುಲಾಮ. ಹುಡುಗನನ್ನು ಶಾಲೆಗೆ ಬಿಟ್ಟು, ಕರೆತಂದು, ನಡತೆ ನೋಡಿಕೊಳ್ಳುವುದು ಅವನ ಕೆಲಸ. ಇವತ್ತು ಬಿ.ಎಡ್. ಓದುವವರು 'ಪೆಡಗಾಜಿ' ಅಂತ ದೊಡ್ಡ ಪುಸ್ತಕ ಓದುತ್ತಾರಲ್ಲ, ಅದರ ಮೂಲಪುರುಷ ಇವನೇ.

ಪ್ಯೂಪಿಲ್ ಮತ್ತು ಕಣ್ಣಿನ ಪಾಪೆ

ಟ್ಯೂಟರ್ ಒಬ್ಬನೇ ಇಂಗ್ಲಿಷಿಗೆ ಬರಲಿಲ್ಲ. ಅವನ ಕೈಹಿಡಿದು ಇನ್ನೊಂದು ಪದವೂ ಬಂತು. ವಿದ್ಯಾರ್ಥಿಗೆ ಇಂಗ್ಲಿಷಿನಲ್ಲಿ 'ಪ್ಯೂಪಿಲ್' ಅನ್ನುತ್ತಾರೆ. ರೋಮಿನಲ್ಲಿ ತೂತೋರ್‌ನ ಕಾವಲಿನಲ್ಲಿದ್ದ ತಬ್ಬಲಿ ಮಗುವಿಗೆ 'ಪೂಪಿಲ್ಲುಸ್' ಅಂತ ಹೆಸರಿತ್ತು. 'ಪೂಪುಸ್' ಅಂದರೆ ಹುಡುಗ, ಪೂಪಿಲ್ಲುಸ್ ಅಂದರೆ ಪುಟ್ಟ ಹುಡುಗ. ಹೀಗೆ ಟ್ಯೂಟರ್ ಮತ್ತು ಪ್ಯೂಪಿಲ್ ಕಾನೂನಿನ ಜೋಡಿ. ಒಬ್ಬ ಕಾಯುವವನು, ಇನ್ನೊಬ್ಬ ಕಾಯಿಸಿಕೊಳ್ಳುವವನು. ಇಂಗ್ಲಿಷಿಗೆ 14ನೇ ಶತಮಾನದ ಕೊನೆಗೆ ಬಂದಾಗ ಪ್ಯೂಪಿಲ್ ಅಂದರೆ ತಬ್ಬಲಿ, ಪೋಷಣೆಯಲ್ಲಿರುವ ಮಗು ಅಂತಲೇ ಅರ್ಥ. ಅದು 'ವಿದ್ಯಾರ್ಥಿ' ಆಗಿದ್ದು 16ನೇ ಶತಮಾನದಲ್ಲಿ. ಜೋಡಿಪದಗಳು ಜೊತೆಯಾಗಿಯೇ ಕೋರ್ಟಿನಿಂದ ಎದ್ದು ಪಾಠದ ಕೋಣೆಗೆ ನಡೆದವು ಅನ್ನಬಹುದು.

ಇಲ್ಲಿ ಕನ್ನಡದವರಿಗೆ ಮೈ ಜುಮ್ಮೆನ್ನಿಸುವ ಒಂದು ಸಂಗತಿ ಇದೆ. ಇಂಗ್ಲಿಷಿನಲ್ಲಿ ಕಣ್ಣಿನ ನಡುವಿನ ಕಪ್ಪು ಚುಕ್ಕೆಗೂ ಪ್ಯೂಪಿಲ್ ಅನ್ನುತ್ತಾರೆ. ಇದು ಕಾಕತಾಳೀಯ ಅಲ್ಲ. ಲ್ಯಾಟಿನ್ನಿನ 'ಪೂಪಿಲ್ಲಾ' ಅಂದರೆ ಪುಟ್ಟ ಹುಡುಗಿ, ಪುಟ್ಟ ಬೊಂಬೆ. ಎದುರಿಗೆ ಕೂತವರ ಕಣ್ಣನ್ನು ಹತ್ತಿರದಿಂದ ನೋಡಿದರೆ ಆ ಕಪ್ಪಿನೊಳಗೆ ನಮ್ಮದೇ ಬೊಂಬೆಯಂಥ ಪುಟ್ಟ ಬಿಂಬ ಕಾಣುತ್ತದೆ. ಅದಕ್ಕೇ ಆ ಹೆಸರು. ಗ್ರೀಕಿನಲ್ಲೂ ಹುಡುಗಿ ಅನ್ನುವ 'ಕೊರೆ' ಪದವೇ ಕಣ್ಣಿನ ಕಪ್ಪಿಗೂ ನಡೆಯುತ್ತದೆ. ಈಗ ನಮ್ಮ ಮಾತು ನೋಡಿ. ಅದಕ್ಕೆ ನಾವು ಏನನ್ನುತ್ತೇವೆ? ಕಣ್ಣಿನ ಪಾಪೆ. ಪಾಪೆ ಅಂದರೆ ಬೊಂಬೆ. ಪಾಪ, ಪಾಪು ಅಂದರೆ ಕೂಸು. ತಮಿಳಿನ 'ಪಾಪ್ಪಾ'ಗೂ ಈ ಎರಡು ಅರ್ಥ ಇವೆ. ಲ್ಯಾಟಿನ್ನಿಗೂ ಕನ್ನಡಕ್ಕೂ ನೆಂಟಸ್ತಿಕೆ ಇಲ್ಲ, ಯಾರೂ ಯಾರಿಂದಲೂ ಸಾಲ ತಂದಿಲ್ಲ. ಎರಡೂ ಕಡೆಯ ಜನ ಎದುರಿನವರ ಕಣ್ಣಲ್ಲಿ ಇಣುಕಿದರು, ಎರಡೂ ಕಡೆ ಕೂಸೇ ಕಂಡಿತು.

ಕಾವಲಿನ ಪದಗಳು ನಮ್ಮ ಶಾಲೆಗಳಲ್ಲಿ ಇನ್ನೂ ಉಳಿದಿವೆ. ಇಂಗ್ಲಿಷ್ ಮೀಡಿಯಂ ಶಾಲೆಯಿಂದ ಬರುವ ಸುತ್ತೋಲೆ ನೋಡಿ. 'ಯುವರ್ ವಾರ್ಡ್' ಮೂರು ದಿನ ಶಾಲೆಗೆ ಬಂದಿಲ್ಲ ಅಂತ ಇರುತ್ತದೆ. ಆಸ್ಪತ್ರೆ ವಾರ್ಡು, ಮುನ್ಸಿಪಾಲಿಟಿ ವಾರ್ಡು ಗೊತ್ತಿದ್ದವರಿಗೆ ಇದೇನಪ್ಪ ನನ್ನ ಮಗ ವಾರ್ಡು ಆಗಿಬಿಟ್ಟ ಅನ್ನಿಸಬಹುದು. ವಾರ್ಡ್ ಅಂದರೆ ಕಾವಲು, ಕಾವಲಿನಲ್ಲಿರುವ ಮಗು. 'ಗಾರ್ಡ್' ಮತ್ತು 'ವಾರ್ಡ್' ಒಂದೇ ಬೇರಿನವು. ಬ್ರಿಟಿಷರು ಜಮೀನ್ದಾರರ ಅಪ್ರಾಪ್ತ ಮಕ್ಕಳ ಆಸ್ತಿ ನೋಡಿಕೊಳ್ಳಲು ಇಟ್ಟಿದ್ದ ಇಲಾಖೆಗೆ 'ಕೋರ್ಟ್ ಆಫ್ ವಾರ್ಡ್ಸ್' ಅಂತಲೇ ಹೆಸರು. 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆ ನಮ್ಮಲ್ಲಿ ಇವತ್ತಿಗೂ ಜಾರಿಯಲ್ಲಿದೆ.

ಕಾಯುವವನು ಕಲಿಸುವವನಾದದ್ದು

ಟ್ಯೂಟರ್ ಪದ ಇಂಗ್ಲಿಷಿಗೆ ಬಂದದ್ದೂ 14ನೇ ಶತಮಾನದ ಕೊನೆಯಲ್ಲೇ. ಮೊದಲ ಅರ್ಥ ಪೋಷಕ, ರಕ್ಷಕ. ಆದರೆ ಹಳೆಯ ಫ್ರೆಂಚಿನಲ್ಲೇ ಅದಕ್ಕೆ ಮನೆಯಲ್ಲಿ ಪಾಠ ಹೇಳುವವನು ಅನ್ನುವ ನೆರಳು ಬಿದ್ದಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ದೊಡ್ಡ ಮನೆತನದ ಅಪ್ರಾಪ್ತ ವಾರಸುದಾರನನ್ನು ಕಾಯುವುದೆಂದರೆ ಆಸ್ತಿ ಉಳಿಸುವುದಷ್ಟೇ ಸಾಲದು. ನಾಳೆ ಆ ಆಸ್ತಿಯನ್ನು ಆಳುವಂತೆ ಅವನನ್ನು ತಯಾರು ಮಾಡಬೇಕು. ಓದು, ಬರಹ, ಕುದುರೆ ಸವಾರಿ, ಸಭೆಯಲ್ಲಿ ಕೂರುವ ರೀತಿ ಎಲ್ಲ ಬೇಕು. ಮಗುವನ್ನು ನೋಡಿಕೊಳ್ಳುವವನೇ ಅದರ ಓದನ್ನೂ ನೋಡಿಕೊಳ್ಳತೊಡಗಿದ. ಕಾಲಕ್ರಮದಲ್ಲಿ ಓದು ಮುಂದಾಯಿತು, ಆಸ್ತಿ ಹಿಂದಾಯಿತು.

ಈ ಬದಲಾವಣೆ ಒಂದೇ ದಿನ ಆದದ್ದಲ್ಲ. 1611ರ ಇಂಗ್ಲಿಷ್ ಬೈಬಲಿನಲ್ಲಿ, ಗಲಾತ್ಯದವರಿಗೆ ಬರೆದ ಪತ್ರದಲ್ಲಿ, ವಾರಸುದಾರ ಮಗು ಅಪ್ಪ ಗೊತ್ತುಮಾಡಿದ ದಿನದ ತನಕ 'ಟ್ಯೂಟರ್'ಗಳ ಅಧೀನದಲ್ಲಿರುತ್ತದೆ ಅನ್ನುವ ಮಾತು ಬರುತ್ತದೆ. ಅಲ್ಲಿ ಪಾಠ ಹೇಳುವವರ ಸುದ್ದಿಯೇ ಇಲ್ಲ, ಅವರು ಪೋಷಕರು. ಸ್ಕಾಟ್ಲೆಂಡಿನ ಕಾನೂನಿನಲ್ಲಂತೂ ಇದು ಇನ್ನೂ ಗಟ್ಟಿಯಾಗಿ ಉಳಿಯಿತು. 14ಕ್ಕಿಂತ ಚಿಕ್ಕ ಹುಡುಗ, 12ಕ್ಕಿಂತ ಚಿಕ್ಕ ಹುಡುಗಿ ಕಾನೂನಿನ ಕಣ್ಣಿಗೆ 'ಪ್ಯೂಪಿಲ್', ಅವರ ಪೋಷಕ 'ಟ್ಯೂಟರ್'. ರೋಮಿನ ಲೆಕ್ಕವೇ! 1991ರ ಹೊಸ ಕಾಯ್ದೆ ಬರುವ ತನಕ ಇದು ನಡೆಯಿತು. ಅಂದರೆ ನಮ್ಮಲ್ಲಿ ಮನೆಮನೆಗೆ ಟಿವಿ ಬಂದ ಮೇಲೂ ಅಲ್ಲಿ ಎರಡು ಸಾವಿರ ವರ್ಷ ಹಳೆಯ ಟ್ಯೂಟರ್ ಬದುಕಿದ್ದ.

ಪಾಠದ ಅರ್ಥ ಗಟ್ಟಿಯಾದದ್ದು ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಕಾಲೇಜುಗಳಲ್ಲಿ. ಆಗ ಅಲ್ಲಿಗೆ ಸೇರುತ್ತಿದ್ದ ಹುಡುಗರು ಇವತ್ತಿನ ಹೈಸ್ಕೂಲು ಮಕ್ಕಳ ವಯಸ್ಸಿನವರು. ಅಪ್ಪ ದೂರದ ಊರಿನಲ್ಲಿ. ಹುಡುಗನ ಖರ್ಚಿನ ದುಡ್ಡು ಯಾರ ಕೈಲಿ ಕೊಡಬೇಕು? ರಾತ್ರಿ ಪಬ್ಬಿಗೆ ಹೋಗದಂತೆ ಯಾರು ನೋಡಬೇಕು? ಕಾಲೇಜಿನ ಹಿರಿಯ ಸದಸ್ಯನೊಬ್ಬನನ್ನು ಟ್ಯೂಟರ್ ಅಂತ ಗೊತ್ತುಮಾಡುತ್ತಿದ್ದರು. ದುಡ್ಡು, ನಡತೆ, ದೇವರ ಭಕ್ತಿ, ಓದು, ಎಲ್ಲಕ್ಕೂ ಅವನೇ ಜವಾಬ್ದಾರ. 1636ರಲ್ಲಿ ಆಕ್ಸ್‌ಫರ್ಡ್‌ಗೆ ಬಂದ ಹೊಸ ನಿಯಮಾವಳಿ ವಿದ್ಯಾರ್ಥಿಗೆ ಟ್ಯೂಟರ್ ಇರಲೇಬೇಕು ಅಂದಿತು.

ಆಮೇಲೆ ಎರಡು ಊರುಗಳು ಎರಡು ದಾರಿ ಹಿಡಿದದ್ದು ತಮಾಷೆಯಾಗಿದೆ. ಆಕ್ಸ್‌ಫರ್ಡ್‌ನಲ್ಲಿ ಇವತ್ತು ಟ್ಯೂಟರ್ ಅಂದರೆ ಪಾಠ ಹೇಳುವವರು. ಒಬ್ಬರು, ಇಬ್ಬರು, ಹೆಚ್ಚೆಂದರೆ ಮೂರು ನಾಲ್ಕು ವಿದ್ಯಾರ್ಥಿಗಳು ಬರೆದು ತಂದದ್ದನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿ ಜಾಲಾಡುತ್ತಾರೆ. ಆ ಕೂಟಕ್ಕೆ 'ಟ್ಯುಟೋರಿಯಲ್' ಅಂತ ಹೆಸರು. ಕೇಂಬ್ರಿಡ್ಜ್‌ನಲ್ಲಿ ಅದೇ ಕೂಟಕ್ಕೆ 'ಸೂಪರ್‌ವಿಷನ್' ಅನ್ನುತ್ತಾರೆ. ಅಲ್ಲಿ ಟ್ಯೂಟರ್ ಅಂದರೆ ವಿದ್ಯಾರ್ಥಿಯ ಕಷ್ಟಸುಖ ವಿಚಾರಿಸುವವರು. ಹುಷಾರಿಲ್ಲ, ದುಡ್ಡಿಗೆ ತೊಂದರೆ, ಮನೆಯಲ್ಲಿ ಸಮಸ್ಯೆ ಅಂದರೆ ಅವರ ಹತ್ತಿರ ಹೋಗಬೇಕು. ಒಂದೇ ಪದ. ಒಂದು ಊರು ಹೊಸ ಅರ್ಥ ಇಟ್ಟುಕೊಂಡಿತು, ಇನ್ನೊಂದು ಹಳೆಯದನ್ನು ಬಿಡಲಿಲ್ಲ.

ಮೈಸೂರು ಅರಮನೆಯಲ್ಲಿ

ಇದೆಲ್ಲ ಸಾಗರದಾಚೆಯ ಕಥೆ ಅನ್ನಿಸಿದರೆ ನಮ್ಮ ಹಳೆ ಮೈಸೂರಿಗೇ ಬರೋಣ. ಹಾಸನ ಆಗ ಮೈಸೂರು ಸಂಸ್ಥಾನದ ಜಿಲ್ಲೆ. ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಅಂತ ಹೆಸರು.

1868ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡಾಗ ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಐದು ವರ್ಷ. ರಾಜ್ಯ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಬಾಲರಾಜನ ಉಸ್ತುವಾರಿಗೆ ಬ್ರಿಟಿಷ್ ಅಧಿಕಾರಿಗಳು ಬಂದರು. ಅವರಲ್ಲಿ ಕರ್ನಲ್ ಮ್ಯಾಲೆಸನ್ 1869ರಿಂದ 1877ರ ತನಕ ಇದ್ದರು. 1857ರ ದಂಗೆಯ ಬಗ್ಗೆ ದಪ್ಪ ಪುಸ್ತಕ ಬರೆದ ಇತಿಹಾಸಕಾರರೂ ಅವರೇ. ಅವರ ಹುದ್ದೆಯ ಹೆಸರು 'ಗಾರ್ಡಿಯನ್'. 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿತು.

ಅದೇ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಅಕಾಲದಲ್ಲಿ ತೀರಿಕೊಂಡರು. ಮಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಆಗ ಹತ್ತು ವರ್ಷ. ಆಡಳಿತ ತಾಯಿಗೆ ಬಂತು. ವಾಣಿವಿಲಾಸ ಸನ್ನಿಧಾನ 1902ರ ತನಕ ರೀಜೆಂಟ್ ಆಗಿ ರಾಜ್ಯ ನಡೆಸಿದರು. ಬಾಲರಾಜನ ಶಿಕ್ಷಣಕ್ಕೆ ಬಾಂಬೆ ಸಿವಿಲ್ ಸರ್ವಿಸ್‌ನ ಸ್ಟುವರ್ಟ್ ಫ್ರೇಸರ್ ಬಂದರು. ಅದಕ್ಕೂ ಮುಂಚೆ ಕೊಲ್ಹಾಪುರದ ಶಾಹೂ ಮಹಾರಾಜರಿಗೆ ಕಲಿಸಿದ್ದವರು ಅವರು. ಅವರನ್ನು ದಾಖಲೆಗಳು 'ಟ್ಯೂಟರ್' ಅನ್ನುತ್ತವೆ.

ಈ ಎರಡು ನೇಮಕ ಪಕ್ಕಪಕ್ಕ ಇಟ್ಟು ನೋಡಿದರೆ ಪದದ ಇಡೀ ಚರಿತ್ರೆ ಒಂದೇ ಅರಮನೆಯಲ್ಲಿ ಸಿಗುತ್ತದೆ. ಎರಡೂ ಸಲ ಅಪ್ಪನಿಲ್ಲದ ಮಗು. ಎರಡೂ ಸಲ ಆಸ್ತಿ ಅಂದರೆ ಇಡೀ ರಾಜ್ಯ. ಫ್ರೇಸರ್ ಪಾಠ ಹೇಳಿ ಸಂಜೆ ಮನೆಗೆ ಹೋಗುವ ಮೇಷ್ಟ್ರಾಗಿರಲಿಲ್ಲ. ರಾಜನಾಗಲಿರುವ ಹುಡುಗನ ಓದು, ಆಟ, ಪ್ರವಾಸ, ಆಡಳಿತದ ತರಬೇತಿ ಎಲ್ಲ ಅವರ ಮೇಲ್ವಿಚಾರಣೆಯಲ್ಲಿ ನಡೆಯಿತು. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ರೋಮಿನಲ್ಲಿ ತಾಯಿಗೆ ಇಲ್ಲದ ಅಧಿಕಾರ ಮೈಸೂರಿನಲ್ಲಿ ತಾಯಿಗೆ ಇತ್ತು.

ಟ್ಯೂಷನ್ ಅಂದರೆ ಪಾಠವೋ, ದುಡ್ಡೋ?

ಟ್ಯೂಷನ್ನಿನ ಕಥೆ ಇನ್ನೂ ವಿಚಿತ್ರ. ಅದೂ 'ತುಏರಿ'ಯ ಮಗುವೇ. ಇಂಗ್ಲಿಷಿಗೆ ಬಂದಾಗ ಅದರ ಅರ್ಥ ರಕ್ಷಣೆ, ಆರೈಕೆ. 16ನೇ ಶತಮಾನದ ಕೊನೆಗೆ ಅದು ಕಲಿಸುವ ಕೆಲಸ ಆಯಿತು. 19ನೇ ಶತಮಾನದಲ್ಲಿ ಕಲಿಸಿದ್ದಕ್ಕೆ ಕೊಡುವ ದುಡ್ಡು ಆಯಿತು. 'ಟ್ಯೂಷನ್ ಫೀ' ಅನ್ನುವುದು ಬಾಯಲ್ಲಿ ಸವೆದು ಬರೀ 'ಟ್ಯೂಷನ್' ಆಗಿ ಉಳಿಯಿತು. ರಕ್ಷಣೆಯಿಂದ ಪಾಠಕ್ಕೆ, ಪಾಠದಿಂದ ರಸೀದಿಗೆ.

ಇವತ್ತು ಈ ಅರ್ಥಗಳು ದೇಶಕ್ಕೊಂದರಂತೆ ಹಂಚಿಹೋಗಿವೆ. ಬ್ರಿಟನ್ನಿನಲ್ಲಿ ಟ್ಯೂಷನ್ ಅಂದರೆ ಕಲಿಸುವಿಕೆ. ಅಮೆರಿಕದಲ್ಲಿ ಅದು ಕಾಲೇಜಿಗೆ ಕಟ್ಟುವ ದುಡ್ಡು. ನಮ್ಮಲ್ಲಿ ಅದು ಸಂಜೆಯ ಮನೆಪಾಠ. ನಮ್ಮೂರ ಇಂಜಿನಿಯರಿಂಗ್ ಹುಡುಗರು ಅಮೆರಿಕಕ್ಕೆ ಅರ್ಜಿ ಹಾಕುವಾಗ ಇದನ್ನು ನೆನಪಿಡಬೇಕು. ತಾನು ಪಿಯುಸಿ ಮಕ್ಕಳಿಗೆ 'ಟ್ಯೂಷನ್ಸ್' ತೆಗೆದುಕೊಳ್ಳುತ್ತಿದ್ದೆ ಅಂತ ಬರೆದರೆ ಅಲ್ಲಿಯವರಿಗೆ ತಲೆಬುಡ ಅರ್ಥವಾಗುವುದಿಲ್ಲ. 'ಟ್ಯೂಟರ್ ಆಗಿದ್ದೆ' ಅಂದರೆ ತಕ್ಷಣ ತಿಳಿಯುತ್ತದೆ. ಅವರು 'ಟ್ಯೂಷನ್ ವೇವರ್' ಕೊಟ್ಟಿದ್ದೇವೆ ಅಂದರೆ ಫೀಸು ಮನ್ನಾ ಮಾಡಿದ್ದೇವೆ ಅಂತ. ಪಾಠ ಮಾಫಿ ಅಂತ ತಿಳಿದು ಖುಷಿಪಡಬಾರದು.

ಇಲ್ಲೇ ಇದ್ದು ಸಂಬಳ ಎಣಿಸುವವರಿಗೂ ಈ ಗೊಂದಲ ಇದೆ. ಹಳೆಯ ತೆರಿಗೆ ಪದ್ಧತಿಯ ವಿನಾಯಿತಿಯಲ್ಲಿ ಇಬ್ಬರು ಮಕ್ಕಳ 'ಟ್ಯೂಷನ್ ಫೀ' ತೋರಿಸಬಹುದು ಅಂತ ಎಲ್ಲ ನೌಕರರಿಗೂ ಗೊತ್ತು. ಅದು ಶಾಲೆ, ಕಾಲೇಜಿಗೆ ಪೂರ್ಣಾವಧಿ ಓದಿಗೆ ಕಟ್ಟಿದ ಬೋಧನಾ ಶುಲ್ಕ ಮಾತ್ರ. ಡೆವಲಪ್‌ಮೆಂಟ್ ಫೀಸು, ಡೊನೇಷನ್ ಅದರಲ್ಲಿ ಸೇರುವುದಿಲ್ಲ. ಸಂಜೆಯ ಟ್ಯೂಷನ್‌ಗೆ ಕೊಟ್ಟ ದುಡ್ಡಂತೂ ಸೇರುವುದೇ ಇಲ್ಲ. ಊರೆಲ್ಲ ಯಾವುದನ್ನು ಟ್ಯೂಷನ್ ಫೀಸು ಅನ್ನುತ್ತದೋ, ಅದೊಂದನ್ನು ಬಿಟ್ಟು!

ಒಡಹುಟ್ಟಿದವರು

'ತುಏರಿ'ಗೆ ಇನ್ನೂ ಮಕ್ಕಳಿದ್ದಾರೆ. 'ಇಂಟ್ಯೂಷನ್' ಅನ್ನುತ್ತೇವಲ್ಲ, ಯಾರೂ ಹೇಳಿಕೊಡದೆ ಮನಸ್ಸಿಗೆ ಹೊಳೆಯುವುದು, ಅದು 'ಒಳಗೆ ನೋಡು' ಅನ್ನುವುದರಿಂದ ಬಂದದ್ದು. ಅಲ್ಲಿ ಕಾಯುವ ಅರ್ಥ ಇಲ್ಲ, ನೋಡುವ ಅರ್ಥ ಉಳಿದಿದೆ. ಟ್ಯೂಷನ್‌ಗೂ ಇಂಟ್ಯೂಷನ್‌ಗೂ ಪ್ರಾಸ ಬಂದದ್ದು ಸುಮ್ನೆ ಅಲ್ಲ.

ಇನ್ನೊಂದು ಪದ 'ಟ್ಯುಟೆಲರಿ'. ಊರನ್ನೋ ಮನೆತನವನ್ನೋ ಕಾಯುವ ದೇವತೆಗೆ ಇಂಗ್ಲಿಷ್ ಪುಸ್ತಕಗಳು 'ಟ್ಯುಟೆಲರಿ ಡೀಟಿ' ಅನ್ನುತ್ತವೆ. ನಮ್ಮ ಭಾಷೆಯಲ್ಲಿ ಗ್ರಾಮದೇವತೆ, ಊರಮ್ಮ. ಅಂದರೆ ಆಶ್ವಯುಜದಲ್ಲಿ, ದೀಪಾವಳಿಯ ಆಸುಪಾಸಿನ ಕೆಲವೇ ದಿನ ಬಾಗಿಲು ತೆರೆಯುವ ಹಾಸನಾಂಬೆಯನ್ನು ಇಂಗ್ಲಿಷಿನಲ್ಲಿ ವರ್ಣಿಸಲು ಹೊರಟರೆ ನಿಮ್ಮ ಬೀದಿಯ ಟ್ಯೂಷನ್ ಮೇಷ್ಟ್ರ ಪದದ ಬೇರನ್ನೇ ಮುಟ್ಟಬೇಕಾಗುತ್ತದೆ.

ಫ್ರೆಂಚಿನಲ್ಲಿ 'ತ್ಯುತರ್' ಅಂದರೆ ಇವತ್ತಿಗೂ ಮೊದಲು ಕಾನೂನಿನ ಪೋಷಕ. ಜೊತೆಗೆ ತೋಟದಲ್ಲಿ ಗಿಡಕ್ಕೆ ಆಸರೆಯಾಗಿ ನೆಡುವ ಕೋಲಿಗೂ ಅದೇ ಹೆಸರು. ಬಳ್ಳಿ ಹಬ್ಬಿಸುವ ಮರಕ್ಕೂ ಅದೇ. ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ತೋಟಕ್ಕೆ ಹೋದವರು ಸಿಲ್ವರ್ ಓಕ್ ಮರಕ್ಕೋ ಹಾಲುವಾಣಕ್ಕೋ ತಬ್ಬಿಕೊಂಡು ಏರಿದ ಕಾಳುಮೆಣಸಿನ ಬಳ್ಳಿ ನೋಡಿರುತ್ತಾರೆ. ಫ್ರೆಂಚ್ ಬಲ್ಲ ಕೃಷಿ ಪಂಡಿತರು ಆ ಮರವನ್ನು ತ್ಯುತರ್ ಅನ್ನುತ್ತಾರೆ. ನನಗೆ ಈ ಅರ್ಥ ಎಲ್ಲಕ್ಕಿಂತ ಇಷ್ಟ. ಮರ ಬಳ್ಳಿಗೆ ಹತ್ತುವುದನ್ನು ಕಲಿಸುವುದಿಲ್ಲ. ಅಲ್ಲಿ ಗಟ್ಟಿಯಾಗಿ ನಿಂತಿರುತ್ತದೆ, ಅಷ್ಟೇ. ಬೆಳೆಗಾರ ಆಗಾಗ ಬಂದು ನೆರಳಿನ ಕೊಂಬೆ ಸವರದಿದ್ದರೆ ಅದೇ ಮರ ಬೆಳಕನ್ನು ತಡೆದು ಬಳ್ಳಿಯ ಫಸಲು ಕೆಡಿಸುವುದೂ ಉಂಟು. ಟ್ಯೂಷನ್ ಜಾಸ್ತಿ ಆದ ಮಕ್ಕಳನ್ನು ಕಂಡವರಿಗೆ ಇದರ ಮೇಲೆ ವ್ಯಾಖ್ಯಾನ ಬೇಕಿಲ್ಲ.

ಕೋಚ್, ಮೆಂಟರ್ ಮತ್ತು ನಮ್ಮ ಓಜ

ಕೋಚ್ ಬಗ್ಗೆ ಎರಡು ಮಾತು. ಹಂಗೇರಿಯಲ್ಲಿ 'ಕೋಚ್' ಅನ್ನುವ ಊರಿದೆ. ಅಲ್ಲಿ ಒಳ್ಳೆಯ ಕುದುರೆಗಾಡಿ ಮಾಡುತ್ತಿದ್ದರು, ಆ ಗಾಡಿಗೆ ಊರಿನ ಹೆಸರೇ ಬಂತು. 1830ರ ಸುಮಾರಿಗೆ ಆಕ್ಸ್‌ಫರ್ಡ್ ಹುಡುಗರು ದುಡ್ಡು ಕೊಟ್ಟು ಇಟ್ಟುಕೊಂಡ ಖಾಸಗಿ ಟ್ಯೂಟರ್‌ನನ್ನು ತಮಾಷೆಗೆ 'ಕೋಚ್' ಅನ್ನತೊಡಗಿದರು. ಪರೀಕ್ಷೆಯ ಆಚೆ ದಡಕ್ಕೆ ಹೊತ್ತೊಯ್ಯುವ ಗಾಡಿ ಅಂತ. ಆಟದ ಕೋಚ್ ಬಂದದ್ದು ಅದಾದ ಮೇಲೆ. ಆದ್ದರಿಂದ ನೀಟ್, ಸಿಇಟಿ ಕೋಚಿಂಗ್ ಅನ್ನುವುದು ಪದದ ಹುಟ್ಟಿಗೆ ತುಂಬ ನಿಷ್ಠವಾದ ಬಳಕೆ. ಕೇಂಬ್ರಿಡ್ಜ್‌ನಲ್ಲಿ ಇದು ದೊಡ್ಡ ಉದ್ಯಮವೇ ಆಗಿತ್ತು. ಗಣಿತದ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬರಬೇಕಾದರೆ ಖಾಸಗಿ ಕೋಚ್ ಇಲ್ಲದೆ ಆಗದು ಅನ್ನುವಂತಿತ್ತು. ವಿಲಿಯಂ ಹಾಪ್ಕಿನ್ಸ್ ಅನ್ನುವ ಕೋಚ್ ಹತ್ತಿರ ಪಾಠ ಹೇಳಿಸಿಕೊಂಡವರಲ್ಲಿ ಹೆಸರಾಂತ ವಿಜ್ಞಾನಿಗಳಾದ ಕೆಲ್ವಿನ್, ಮ್ಯಾಕ್ಸ್‌ವೆಲ್ ಇಬ್ಬರೂ ಇದ್ದಾರೆ. ಟ್ಯೂಷನ್‌ಗೆ ಹೋಗುವವರು ದಡ್ಡರು ಅನ್ನುವ ಹಳೆಯ ಮಾತಿಗೆ ಇಷ್ಟು ಸಾಕು.

ಮೆಂಟರ್ ಗ್ರೀಕ್ ಕಾವ್ಯ ಒಡಿಸ್ಸಿಯ ಒಂದು ಪಾತ್ರದ ಹೆಸರು. ಯುದ್ಧಕ್ಕೆ ಹೋಗುವಾಗ ಒಡಿಸ್ಸಿಯಸ್ ತನ್ನ ಮನೆಯನ್ನು ಈ ಗೆಳೆಯನಿಗೆ ಒಪ್ಪಿಸುತ್ತಾನೆ. ಅಲ್ಲೂ ಕಾವಲಿನ ಕೆಲಸವೇ.

ಟ್ಯುಟೋರಿಯಲ್ ಪದದ ಪಾಡು ಮಾತ್ರ ಬೇಸರ ತರಿಸುತ್ತದೆ. ಒಬ್ಬಿಬ್ಬರ ಜೊತೆ ಎದುರೆದುರು ಕೂತು ನಡೆಸುವ ಪಾಠಕ್ಕೆ ಹುಟ್ಟಿದ ಪದ ಅದು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಫೇಲಾದವರನ್ನು ಒಂದೇ ಹಾಲಿನಲ್ಲಿ ತುಂಬಿ ಪಾಠ ಮಾಡುವ ಜಾಗಕ್ಕೆ 'ಟ್ಯುಟೋರಿಯಲ್ಸ್' ಅಂದೆವು. ಈಗ ಯೂಟ್ಯೂಬಿನಲ್ಲಿ ಮಿಕ್ಸಿ ರಿಪೇರಿ ತೋರಿಸುವ ವಿಡಿಯೋಗೂ ಟ್ಯುಟೋರಿಯಲ್ ಅನ್ನುತ್ತಾರೆ. ಅಲ್ಲಿ ಎದುರಿಗೆ ಯಾರೂ ಇಲ್ಲ.

ನಮ್ಮ ಪದಗಳೂ ಕಡಿಮೆಯೇನಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯ ಆಚಾರ್ಯನಿಗೂ ಉಪಾಧ್ಯಾಯನಿಗೂ ಗೆರೆ ಎಳೆಯುತ್ತದೆ. ಉಪನಯನ ಮಾಡಿ ಇಡೀ ವೇದ ಕಲಿಸುವವನು ಆಚಾರ್ಯ. ಜೀವನೋಪಾಯಕ್ಕಾಗಿ ಅದರ ಒಂದು ಭಾಗ ಮಾತ್ರ ಕಲಿಸುವವನು ಉಪಾಧ್ಯಾಯ. ಸಂಬಳಕ್ಕೆ ಒಂದು ಸಬ್ಜೆಕ್ಟ್ ಹೇಳಿಕೊಡುವ ಟ್ಯೂಷನ್ ಮೇಷ್ಟ್ರಿಗೆ ಇದಕ್ಕಿಂತ ಸರಿಯಾದ ಹೆಸರು ಎಲ್ಲಿದೆ! ಈ ಉಪಾಧ್ಯಾಯ ಪ್ರಾಕೃತದ ಬಾಯಲ್ಲಿ ಸವೆದು ಕನ್ನಡದಲ್ಲಿ 'ಓಜ' ಆಯಿತು. ಕಲಿಸುವವನಿಗೂ ಕುಶಲಕರ್ಮಿಗೂ ಆ ಹೆಸರು ನಡೆಯಿತು. ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ಶಿಲ್ಪಿ ದಾಸೋಜನ ಹೆಸರು ಕೆತ್ತಿದೆ. ಆ ಹೆಸರಿನ ಬಾಲದಲ್ಲಿ ಇರುವವನು ಈ ಓಜನೇ.

ಇನ್ನು ಕಾಯುವ ಮಾತಿಗೆ ಬಂದರೆ ಮೂಡಿಗೆರೆ ತಾಲ್ಲೂಕಿನ ಅಂಗಡಿ ಊರಿನ ಐತಿಹ್ಯ ಎಲ್ಲರಿಗೂ ಗೊತ್ತು. ಹುಲಿ ಎರಗಿ ಬಂದಾಗ ಸುದತ್ತ ಮುನಿ 'ಹೊಯ್ ಸಳ' ಅಂದರು, ಸಳ ಹೊಡೆದ. ಅಲ್ಲಿ ಕಾದವನು ಶಿಷ್ಯ. ರೋಮಿನ ವಕೀಲರು ಇದನ್ನು ಕೇಳಿದ್ದರೆ ಯಾರನ್ನು ತೂತೋರ್ ಅಂತ ಬರೆದುಕೊಳ್ಳುವುದು ಅಂತ ತಲೆ ಕೆರೆದುಕೊಳ್ಳುತ್ತಿದ್ದರೇನೋ.

ಕೊನೆಗೆ, ಮನೆಪಾಠ ಮಾಡುವವರು ಬೋರ್ಡಿನಲ್ಲಿ ಏನು ಬರೆಸಬೇಕು? ಒಂದು ಸಬ್ಜೆಕ್ಟನ್ನು ಒಬ್ಬಿಬ್ಬರಿಗೆ ಹೇಳಿಕೊಡುವವರಾದರೆ 'ಟ್ಯೂಟರ್' ಸರಿಯಾದ ಪದ. ಒಂದು ಪರೀಕ್ಷೆಗೆಂದೇ ಗುಂಪನ್ನು ತಯಾರು ಮಾಡುವವರು 'ಕೋಚಿಂಗ್' ಅನ್ನಲಿ. ಆದರೆ ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಮಾರ್ಗಸೂಚಿ 16 ವರ್ಷಕ್ಕಿಂತ ಚಿಕ್ಕವರನ್ನು ಕೋಚಿಂಗ್ ಸೆಂಟರ್‌ಗೆ ಸೇರಿಸಿಕೊಳ್ಳಬಾರದು ಅನ್ನುತ್ತದೆ, ಅದು ನೆನಪಿರಲಿ. ಶಾಲೆಯಲ್ಲಿ ಕೆಲಸದಲ್ಲಿರುವ ಮೇಷ್ಟ್ರು, ಮಿಸ್‌ಗಳು ಬೋರ್ಡು ಬರೆಸುವ ಮುಂಚೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಓದಿಕೊಳ್ಳುವುದು ಒಳ್ಳೆಯದು. ಯಾವ ಶಿಕ್ಷಕರೂ ಖಾಸಗಿ ಟ್ಯೂಷನ್ ಮಾಡುವಂತಿಲ್ಲ ಅಂತ ಅದರಲ್ಲಿ ಒಂದೇ ಸಾಲಿನಲ್ಲಿ ಬರೆದಿದೆ.